ಮಾತು ಕೇಳದ ದಂಡು

ಎಚ್.ಜಿ. ವೆಲ್ಸ್ 1913ರಲ್ಲಿ ‘ಲಿಟ್ಲ್ ವಾರ್ಸ್’ ಎಂಬ ಚಿಕ್ಕ ಪುಸ್ತಕವೊಂದನ್ನು ಪ್ರಕಟಿಸಿದ. ಕಾಲಯಂತ್ರದ ಕಥೆಯನ್ನೂ ಮಂಗಳಗ್ರಹದವರ ದಾಳಿಯ ಕಥೆಯನ್ನೂ ಬರೆದ ಅದೇ ವೆಲ್ಸ್. ಆದರೆ ಇದು ಕಥೆಯಲ್ಲ. ಮನೆಯ ನೆಲದ ಮೇಲೋ ಹಿತ್ತಲಿನ ಹುಲ್ಲಿನ ಮೇಲೋ ಸೀಸದ ಸಿಪಾಯಿಗಳನ್ನು ಸಾಲಾಗಿ ನಿಲ್ಲಿಸಿ, ಸ್ಪ್ರಿಂಗಿನ ಆಟಿಕೆ ಫಿರಂಗಿಯಿಂದ ಮರದ ಚೂರು ಹಾರಿಸಿ, ಎದುರಾಳಿಯ ಸಿಪಾಯಿಗಳನ್ನು ಉರುಳಿಸುವ ಆಟದ ನಿಯಮಗಳು. ತಮಾಷೆಯ ಧಾಟಿಯಲ್ಲಿ ಬರೆದರೂ ಅವನಿಗೆ ಅದು ತಮಾಷೆಯಾಗಿರಲಿಲ್ಲ. ಯುದ್ಧದ ಹುಚ್ಚು ಹತ್ತಿದ ದೊರೆಗಳನ್ನೂ ದೇಶಭಕ್ತರನ್ನೂ ಒಂದು ದೊಡ್ಡ ಕೋಣೆಯಲ್ಲಿ ಕೂಡಿಹಾಕಿ ಈ ಆಟ ಕೊಟ್ಟುಬಿಟ್ಟರೆ ಉಳಿದವರು ನೆಮ್ಮದಿಯಾಗಿ ಬಾಳಬಹುದು ಎಂಬರ್ಥದ ವಾದವನ್ನು ಕೊನೆಯಲ್ಲಿ ಹೂಡಿದ. ಮರುವರ್ಷವೇ ಮಹಾಯುದ್ಧ ಶುರುವಾಯಿತು. ಆಗ ಅದೇ ವೆಲ್ಸ್, ಈ ಯುದ್ಧವು ಯುದ್ಧವನ್ನೇ ಕೊನೆಗಾಣಿಸುತ್ತದೆಂದು ಸಾಲುಸಾಲಾಗಿ ಲೇಖನಗಳನ್ನು ಬರೆದ.

ಈ ಪುಸ್ತಕವನ್ನು ಸಾಮಾನ್ಯವಾಗಿ ಚರಿತ್ರೆಯ ಒಂದು ವ್ಯಂಗ್ಯವೆಂದು ನೆನೆಯುತ್ತಾರೆ. ನನಗೆ ಅದಕ್ಕಿಂತ ಕುತೂಹಲ ಹುಟ್ಟಿಸುವುದು ಬೇರೊಂದು: ಕಾದಂಬರಿಕಾರನೊಬ್ಬ ಯುದ್ಧದ ಬಗ್ಗೆ ತನಗೆ ಅನ್ನಿಸಿದ್ದನ್ನು ಹೇಳಲು ನಿಯಮಾವಳಿಯನ್ನು ಒಂದು ಸಾಹಿತ್ಯ ಪ್ರಕಾರದಂತೆ ಬಳಸಿಕೊಂಡದ್ದು. ‘ಯುದ್ಧ ಹೀಗಿರುತ್ತದೆ’ ಎಂದು ಕಾದಂಬರಿ ವರ್ಣಿಸುತ್ತದೆ. ‘ಹೀಗೆ ಮಾಡಿದರೆ ಹೀಗಾಗುತ್ತದೆ’ ಎಂದು ನಿಯಮಪುಸ್ತಕ ಹೇಳುತ್ತದೆ. ಎರಡನೆಯದು ಹೆಚ್ಚು ಧೈರ್ಯದ ಮಾತು. ಕಾದಂಬರಿಕಾರ ತಾನು ಕಂಡ ಒಂದು ಯುದ್ಧಕ್ಕೆ ಮಾತ್ರ ಉತ್ತರ ಕೊಟ್ಟರೆ ಸಾಕು; ನಿಯಮ ಬರೆಯುವವನು ಆಗಬಹುದಾದ ಎಲ್ಲ ಯುದ್ಧಗಳಿಗೂ ಉತ್ತರ ಕೊಡಬೇಕು. ಹಾಗಾದರೆ ಆ ಪುಸ್ತಕವನ್ನು ಕಾವ್ಯವನ್ನೋ ಶಾಸನವನ್ನೋ ಓದುವ ಎಚ್ಚರದಿಂದಲೇ ಓದಬೇಕಲ್ಲವೆ? ಇದು ಏನನ್ನು ನೆನಪಿಟ್ಟುಕೊಂಡಿದೆ, ಏನನ್ನು ಮರೆತಿದೆ ಎಂದು ಕೇಳಬೇಕಲ್ಲವೆ? ಪ್ರಾಚೀನ ಮತ್ತು ಮಧ್ಯಯುಗದ ಸೇನೆಗಳನ್ನು ಮೇಜಿನ ಮೇಲೆ ಆಡಿಸುವ ಪುಸ್ತಕವೊಂದನ್ನು ಹಾಗೆ ಓದುವ ಪ್ರಯತ್ನ ಇಲ್ಲಿದೆ.

ಈ ಆಟ ನೋಡದವರಿಗಾಗಿ ಎರಡು ಮಾತು. ಮೇಜಿನ ಮೇಲೆ ಹಸಿರು ಬಟ್ಟೆ, ಅದರ ಮೇಲೆ ಗುಡ್ಡ, ಕಾಡು, ಹೊಳೆ. ಎರಡೂ ಕಡೆ ಹೆಬ್ಬೆರಳಿನ ತುದಿಯಷ್ಟು ಎತ್ತರದ ಲೋಹದ ಬೊಂಬೆಗಳು: ರೋಮನ್ ಲೀಜನ್, ಮ್ಯಾಸಿಡೋನಿಯದ ಉದ್ದ ಈಟಿಗಾರರು, ಮಂಗೋಲ್ ಸವಾರರು, ಇಂಗ್ಲಿಷ್ ಬಿಲ್ಲುಗಾರರು. ಆಟಗಾರರೇ ಅವುಗಳಿಗೆ ಬಣ್ಣ ಹಚ್ಚಿರುತ್ತಾರೆ. ಅಳತೆಪಟ್ಟಿ ಹಿಡಿದು ಸರಿಸುತ್ತಾರೆ, ದಾಳ ಹಾಕಿ ಕಾದಾಟ ತೀರ್ಮಾನಿಸುತ್ತಾರೆ. ವಾರ್‌ಗೇಮ್ ಎಂದರೆ ಇಷ್ಟೆ.

ಇದರ ವಂಶಾವಳಿಯ ಬುಡದಲ್ಲಿ ನಮ್ಮ ಚದುರಂಗವಿದೆ. ಆನೆ, ಕುದುರೆ, ರಥ, ಕಾಲಾಳು ಎಂಬ ನಾಲ್ಕು ಅಂಗಗಳನ್ನು ಹೆಸರಿನಲ್ಲೇ ಹೊತ್ತ ಆಟ. ಅದು ಪರ್ಷಿಯಾ, ಅರಬ್ ನಾಡುಗಳನ್ನು ದಾಟಿ ಯುರೋಪಿಗೆ ಹೋಗಿ ಚೆಸ್ ಆಯಿತು. 1780ರಲ್ಲಿ ಬ್ರನ್ಸ್‌ವಿಕ್ಕಿನ ಹೆಲ್ವಿಗ್ ಎಂಬಾತ ಅದರ ಹಲಗೆಯನ್ನು ಹಿಗ್ಗಿಸಿ ಮನೆಗಳಿಗೆ ಬೆಟ್ಟ, ನೀರು, ಜವುಗಿನ ಗುಣ ಕೊಟ್ಟ. ಪ್ರಷ್ಯಾದ ರೈಸ್‌ವಿಟ್ಸ್ ತಂದೆ ಮಗ ಅದನ್ನು ಇನ್ನೂ ಮುಂದಕ್ಕೆ ಒಯ್ದರು. 1824ರ ಹೊತ್ತಿಗೆ ಮಗನ ‘ಕ್ರೀಗ್ಸ್‌ಸ್ಪೀಲ್’ ಸೇನಾಧಿಕಾರಿಗಳ ತರಬೇತಿಯ ಆಟವಾಗಿತ್ತು. ಚೌಕದ ಮನೆಗಳು ಹೋಗಿ ನಿಜವಾದ ನಕ್ಷೆ ಬಂದಿತ್ತು, ದಾಳವೂ ಬಂದಿತ್ತು. ಚದುರಂಗದಿಂದ ಇಲ್ಲಿಗೆ ಬಂದ ದೊಡ್ಡ ಬದಲಾವಣೆ ಈ ದಾಳವೇ. ಮಹಾಭಾರತದಲ್ಲಿ ದಾಳ ಉರುಳುವುದು ಯುದ್ಧಕ್ಕೆ ಬಹಳ ಮೊದಲು. ಕುರುಕ್ಷೇತ್ರಕ್ಕೆ ಬರುವಾಗ ಯಾರ ಕೈಯಲ್ಲೂ ಅದಿಲ್ಲ. ಇಲ್ಲಿ ದಾಳ ರಣರಂಗದೊಳಗೇ ಕಾಲಿಟ್ಟಿತು.

ಪ್ರಾಚೀನ ಸೇನೆಗಳ ಆಟ ಒಂದು ಗೀಳಿನಂತೆ ಬೆಳೆದದ್ದು ಎರಡನೆಯ ಮಹಾಯುದ್ಧ ಮುಗಿದ ಮೇಲೆ, ಇಂಗ್ಲೆಂಡಿನಲ್ಲಿ. ಡೊನಾಲ್ಡ್ ಫೆದರ್‌ಸ್ಟೋನ್ ಅವರ ‘ವಾರ್ ಗೇಮ್ಸ್’ 1962ರಲ್ಲಿ ಬಂತು. ಅದರಲ್ಲಿ ಪ್ರಾಚೀನ ಯುದ್ಧಗಳ ನಿಯಮಗಳನ್ನು ಕೊಟ್ಟವರು ಅವರ ಗೆಳೆಯ ಟೋನಿ ಬಾತ್. ಬಾತ್ 1965ರಲ್ಲಿ ‘ಸೊಸೈಟಿ ಆಫ್ ಏನ್ಷಿಯಂಟ್ಸ್’ ಕಟ್ಟಿದರು. ಕವಣೆಯ ಹೆಸರು ಹೊತ್ತ ಅದರ ಪತ್ರಿಕೆ ‘ಸ್ಲಿಂಗ್‌ಶಾಟ್’ ದಶಕಗಳ ಕಾಲ ನಡೆದುಬಂತು. ಫೆದರ್‌ಸ್ಟೋನ್ ಮಹಾಯುದ್ಧದಲ್ಲಿ ಟ್ಯಾಂಕ್ ರೆಜಿಮೆಂಟಿನಲ್ಲಿದ್ದವರು. ಹೊಟ್ಟೆಪಾಡಿಗೆ ಫಿಸಿಯೋಥೆರಪಿಸ್ಟ್, ಸೌತಾಂಪ್ಟನ್ ಫುಟ್‌ಬಾಲ್ ತಂಡದ ಆಟಗಾರರ ಉಳುಕಿದ ಕಾಲು, ಹರಿದ ಸ್ನಾಯುಗಳನ್ನು ಸರಿಪಡಿಸುತ್ತಿದ್ದವರು. ಹಗಲು ಗಾಯಕ್ಕೆ ಪಟ್ಟಿ, ರಾತ್ರಿ ಗಾಯವೇ ಇಲ್ಲದ ಯುದ್ಧ. ಯುದ್ಧ ಕಂಡುಬಂದ ತಲೆಮಾರು ಎರಡು ಸಾವಿರ ವರ್ಷ ಹಿಂದಿನ ಸೇನೆಗಳ ಕಡೆ ಯಾಕೆ ತಿರುಗಿತು ಎಂಬುದಕ್ಕೆ ಹಲವು ಉತ್ತರಗಳಿರಬಹುದು. ನನ್ನ ಊಹೆ ಸರಳವಾದದ್ದು: ಕ್ಯಾನೆಯಲ್ಲಿ ಸತ್ತವರಿಗೆ ಅಳುವವರು ಯಾರೂ ಉಳಿದಿಲ್ಲ. ಸೊಮ್ಮ್‌ನಲ್ಲಿ ಸತ್ತವರ ಹೆಂಡತಿಯರು ಆಗಿನ್ನೂ ಪಕ್ಕದ ಬೀದಿಯಲ್ಲಿದ್ದರು.

ನಾನು ಓದಬೇಕೆಂದಿರುವ ಪುಸ್ತಕ ಇವೆಲ್ಲದರ ನಂತರದ್ದು. ಫಿಲ್ ಬಾರ್ಕರ್ ಅವರ ‘ವಾರ್‌ಗೇಮ್ಸ್ ರಿಸರ್ಚ್ ಗ್ರೂಪ್’ 1969ರಿಂದ ಪ್ರಾಚೀನ ಯುದ್ಧಗಳಿಗೆ ನಿಯಮ ಬರೆಯುತ್ತಾ ಬಂದಿತ್ತು. ಆವೃತ್ತಿಯಿಂದ ಆವೃತ್ತಿಗೆ ಕೋಷ್ಟಕಗಳು ಬೆಳೆದವು, ಒಬ್ಬೊಬ್ಬನ ಕವಚಕ್ಕೂ ಒಂದೊಂದು ಅಂಕ, ಒಂದೊಂದು ಆಯುಧಕ್ಕೂ ಇನ್ನೊಂದು ಅಂಕ. ಆಡುವುದಕ್ಕಿಂತ ಲೆಕ್ಕ ಹಾಕುವುದೇ ಹೆಚ್ಚಾಯಿತೆಂಬ ಗೊಣಗಾಟವೂ ಬೆಳೆಯಿತು. 1990ರಲ್ಲಿ ಬಾರ್ಕರ್ ಮತ್ತು ರಿಚರ್ಡ್ ಬಾಡ್ಲಿ ಸ್ಕಾಟ್ ಸೇರಿ ‘ಡಿ ಬೆಲ್ಲಿಸ್ ಆಂಟಿಕ್ವಿಟಾಟಿಸ್’ ಎಂಬ ತೆಳ್ಳನೆಯ ಪುಸ್ತಕ ತಂದರು. ಪ್ರಾಚೀನ ಕಾಲದ ಯುದ್ಧಗಳ ಕುರಿತು ಎಂದು ಲ್ಯಾಟಿನ್ ಹೆಸರಿನ ಅರ್ಥ. ಆಟಗಾರರು ಡಿಬಿಎ ಎನ್ನುತ್ತಾರೆ. ಹಳೆಯ ಕೋಷ್ಟಕಗಳೆಲ್ಲ ಇಲ್ಲಿ ಮಾಯ. ಯಾವ ದೇಶದ, ಯಾವ ಕಾಲದ ಸೇನೆಯಾದರೂ ಸರಿ, ಹನ್ನೆರಡೇ ತುಕಡಿ. ಒಂದು ಚಿಕ್ಕ ಹಲಗೆಯ ಮೇಲೆ ಅಂಟಿಸಿದ ಎರಡು, ಮೂರು ಅಥವಾ ನಾಲ್ಕು ಬೊಂಬೆ ಎಂದರೆ ಒಂದು ತುಕಡಿ, ಆನೆಯಾದರೆ ಒಂದೇ. (ತುಂಡು ಎಂಬ ಅರ್ಥವೂ ಪಡೆಯ ಭಾಗ ಎಂಬ ಅರ್ಥವೂ ಇರುವ ಈ ಕನ್ನಡ ಪದ ಈ ಆಟಕ್ಕೆಂದೇ ಕಾದಿದ್ದಂತಿದೆ.) ಎರಡು ಅಡಿ ಚೌಕದ ಜಾಗ, ಒಂದು ಗಂಟೆಯೊಳಗೆ ಆಟ ಮುಗಿಯುತ್ತದೆ. ನಾಲ್ಕು ತುಕಡಿ ಕಳೆದುಕೊಂಡು, ಎದುರಾಳಿಗಿಂತ ಹೆಚ್ಚು ಕಳೆದುಕೊಂಡಿದ್ದರೆ ಸೋಲು.

ಮೊದಲು ಗದ್ಯದ ಬಗ್ಗೆ ಹೇಳಬೇಕು. ಬಾರ್ಕರ್ ಅವರ ವಾಕ್ಯಗಳಿಗೆ ಆಟಗಾರರು ‘ಬಾರ್ಕರೀಸ್’ ಎಂದೇ ಹೆಸರಿಟ್ಟಿದ್ದಾರೆ, ಅದೊಂದು ಬೇರೆ ಭಾಷೆ ಎಂಬಂತೆ. ಒಂದು ಪದವೂ ಹೆಚ್ಚಿಲ್ಲ; ಒಂದೇ ವಾಕ್ಯದಲ್ಲಿ ನಾಲ್ಕು ಷರತ್ತು, ಮೂರು ಅಪವಾದ. ‘ಮುಟ್ಟಿದರೆ’ ಎಂಬುದಕ್ಕೂ ‘ತಾಗಿದ್ದರೆ’ ಎಂಬುದಕ್ಕೂ ಇರುವಂಥ ವ್ಯತ್ಯಾಸದ ಮೇಲೆ ಇಡೀ ಸಂಜೆಯ ಜಗಳ ನಡೆಯಬಹುದು. ಇಂಗ್ಲಿಷಿನವರಿಗೆ ಇದು ವಕೀಲರ ಭಾಷೆಯಂತೆ ಕಂಡಿತು. ಕನ್ನಡ ಓದುಗನಿಗೆ ಇದು ಹೊಸದಲ್ಲ. ಇದು ಸೂತ್ರದ ಶೈಲಿ. ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಕಂದಪದ್ಯದ ಸೂತ್ರ ಬರೆದು ತಾನೇ ವೃತ್ತಿಯನ್ನೂ ಬರೆದ. ಬಾರ್ಕರ್ ಸೂತ್ರ ಬರೆದು ಸುಮ್ಮನಾದರು, ವೃತ್ತಿಯನ್ನು ಬೇರೆಯವರು ಬರೆಯಬೇಕಾಯಿತು: ಅಮೆರಿಕದ ವಾಷಿಂಗ್ಟನ್ ಸುತ್ತಿನ ಆಟಗಾರರ ಗುಂಪೊಂದು ಚಿತ್ರಗಳ ಸಮೇತ ಅನಧಿಕೃತ ಮಾರ್ಗದರ್ಶಿಯನ್ನೇ ತಯಾರಿಸಿತು. ಬಿಗಿಯಾದ ಪಠ್ಯ ತನ್ನ ಸುತ್ತ ವ್ಯಾಖ್ಯಾನವನ್ನು ಬೆಳೆಸಿಕೊಳ್ಳುವುದನ್ನು ನಮ್ಮ ಸಾಹಿತ್ಯದ ವಿದ್ಯಾರ್ಥಿಗಳಿಗೆ ವಿವರಿಸಬೇಕಾಗಿಲ್ಲ.

ಈ ಬಿಗಿ ಗದ್ಯದ ನಡುವೆ, ಯಾವ ಸದ್ದೂ ಮಾಡದೆ, ಒಂದು ನಿಯಮವಿದೆ. ಸರದಿ ಬಂದಾಗ ಆಟಗಾರ ಮೊದಲು ಒಂದು ದಾಳ ಉರುಳಿಸಬೇಕು. ಅದರಲ್ಲಿ ಬಿದ್ದಷ್ಟೇ ಆಜ್ಞೆಗಳು ಆ ಸರದಿಗೆ ಅವನ ಪಾಲಿಗಿರುತ್ತವೆ. ಒಂದು ಆಜ್ಞೆಗೆ ಒಂಟಿ ತುಕಡಿಯೊಂದು ಚಲಿಸುತ್ತದೆ; ಇಲ್ಲವೇ ಒಂದಕ್ಕೊಂದು ಅಂಟಿ ಸಾಲಾಗಿ ನಿಂತ ತುಕಡಿಗಳ ಇಡೀ ಗುಂಪು ಒಟ್ಟಿಗೆ ಚಲಿಸುತ್ತದೆ. ಸೇನಾಪತಿಯಿಂದ ದೂರವಿರುವವರಿಗೆ ಆಜ್ಞೆ ತಲುಪಿಸಲು ಹೆಚ್ಚು ಖರ್ಚು. ಆನೆಯನ್ನು ಕದಲಿಸಲೂ ಹೆಚ್ಚು ಖರ್ಚು.

ಇಷ್ಟೆ. ಆದರೆ ಇದು ಮೇಜಿನ ಮೇಲೆ ಮಾಡುವ ಕೆಲಸ ನೋಡಬೇಕು. ಆಟದ ಆರಂಭದಲ್ಲಿ ಸೇನೆ ಒಂದೇ ಸಾಲು. ದಾಳದಲ್ಲಿ ಒಂದು ಬಿದ್ದರೂ ಸಾಕು, ಹನ್ನೆರಡೂ ತುಕಡಿಗಳು ಗೋಡೆಯಂತೆ ಮುಂದೆ ಸರಿಯುತ್ತವೆ. ಆಟಗಾರನಿಗೆ ತಾನು ಅಲೆಕ್ಸಾಂಡರ್ ಎನಿಸುತ್ತದೆ. ಆಮೇಲೆ ಎರಡು ಸಾಲುಗಳೂ ಡಿಕ್ಕಿ ಹೊಡೆಯುತ್ತವೆ. ಇಲ್ಲೊಂದು ತುಕಡಿ ಹಿಂದೆ ಸರಿಯುತ್ತದೆ, ಅಲ್ಲೊಂದು ಮುಂದೆ ನುಗ್ಗುತ್ತದೆ. ಗೆದ್ದ ನೈಟ್ ಸವಾರರು ನೀವು ಬೇಡವೆಂದರೂ ಸೋತವನ ಬೆನ್ನಟ್ಟಿ ಹೋಗುತ್ತಾರೆ. ಸಾಲು ಹರಿದು ಚಿಂದಿಯಾಗುತ್ತದೆ. ಈಗ ಹನ್ನೆರಡು ಚೂರುಗಳಿಗೆ ಹನ್ನೆರಡು ಆಜ್ಞೆ ಬೇಕು; ದಾಳದಲ್ಲಿ ಆರಕ್ಕಿಂತ ಹೆಚ್ಚು ಬೀಳುವುದೇ ಇಲ್ಲ, ಮೂರು ಬಿದ್ದರೆ ಪುಣ್ಯ. ಬಲಗಡೆಯ ಬಿರುಕು ಕಣ್ಣೆದುರೇ ಬೆಳೆಯುತ್ತಿದೆ, ಮುಚ್ಚಲು ತುಕಡಿಯೂ ಇದೆ, ಅದನ್ನು ಕಳಿಸುವ ಮಾತು ಮಾತ್ರ ನಿಮ್ಮಲ್ಲಿಲ್ಲ. ಅಧಿಕಾರ ಅತಿ ಅಗತ್ಯವಾದ ಗಳಿಗೆಯಲ್ಲೇ ಅಧಿಕಾರ ಸೋರಿಹೋಗಿರುತ್ತದೆ.

ಚದುರಂಗದಲ್ಲಿ ಕಾಲಾಳು ಎಂದೂ ‘ಆಗುವುದಿಲ್ಲ’ ಎನ್ನುವುದಿಲ್ಲ. ಮಹಾಕಾವ್ಯದಲ್ಲೂ ಸೇನೆ ನಾಯಕನ ಮೈಯ ವಿಸ್ತರಣೆ: ಭೀಷ್ಮ ಬಿದ್ದರೆ ಒಂದು ಪರ್ವ ಮುಗಿಯುತ್ತದೆ, ದ್ರೋಣ ಬಿದ್ದರೆ ಇನ್ನೊಂದು. ಮಹಾಭಾರತದ ಯುದ್ಧಪರ್ವಗಳಿಗೆ ಸೇನಾಪತಿಗಳ ಹೆಸರಿದೆ. ಹದಿನೆಂಟು ಅಕ್ಷೌಹಿಣಿಯಲ್ಲಿ ಹೆಸರಿಲ್ಲದೆ ನಿಂತವರಿಗೆ ದಿಗಿಲಾಗಿತ್ತೇ, ಆಜ್ಞೆ ಕೇಳಿಸಿತ್ತೇ, ಕೇಳಿಸಿದರೂ ಕದಲಿದರೇ ಎಂದು ಕಾವ್ಯ ಹೆಚ್ಚು ಕೇಳುವುದಿಲ್ಲ. ಡಿಬಿಎಯ ದಾಳ ಆ ಪ್ರಶ್ನೆಯನ್ನೇ ಕೇಳುತ್ತದೆ. ಸೇನಾಪತಿ ಅಲ್ಲಿ ಹನ್ನೆರಡರಲ್ಲಿ ಒಂದು ತುಕಡಿ. ಕಾದಾಟದಲ್ಲಿ ಒಂದು ಅಂಕ ಹೆಚ್ಚು ಸಿಗುತ್ತದೆ, ಅಷ್ಟೇ ಅವನ ದೊಡ್ಡಸ್ತಿಕೆ. ಈ ಪುಸ್ತಕದ ನಿಜವಾದ ಸಾಧನೆ ಇದು ಎಂದು ನನಗೆ ಖಚಿತವಾಗಿ ಅನಿಸುತ್ತದೆ. ನಾಯಕನಾಗುವ ಸುಖಕ್ಕೆಂದು ಮೇಜಿನ ಬಳಿ ಬಂದವನಿಗೆ ಅದು ನಾಯಕನ ಅಸಹಾಯಕತೆಯನ್ನು ಉಣಿಸುತ್ತದೆ. ಮಾತು ಕೇಳದೆ ನಿಂತ ತುಕಡಿಯಲ್ಲಿ, ಯಾರೂ ಬರೆಯದ ಆ ಸಾಮಾನ್ಯ ಸಿಪಾಯಿಯ ಇರುವಿಕೆ ಮೊದಲ ಬಾರಿಗೆ ಲೆಕ್ಕಕ್ಕೆ ಬರುತ್ತದೆ. ಅವನ ಮುಖ ಕಾಣುವುದಿಲ್ಲ, ಕಾರಣ ತಿಳಿಯುವುದಿಲ್ಲ. ಅವನು ಕದಲಲಿಲ್ಲ ಎಂಬುದು ಮಾತ್ರ ತಿಳಿಯುತ್ತದೆ.

ಕಾದಾಟದ ನಿಯಮವೂ ಇದೇ ಜಾಡಿನದು. ಎರಡೂ ಕಡೆ ದಾಳ ಹಾಕಿ ತಮ್ಮ ತಮ್ಮ ಅಂಕ ಕೂಡಿಸುತ್ತಾರೆ. ಕಡಿಮೆ ಬಂದವನು ಸಾಮಾನ್ಯವಾಗಿ ಹಿಂದೆ ಸರಿಯುತ್ತಾನೆ. ಅರ್ಧಕ್ಕೂ ಇಳಿದರೆ ನಾಶ. ಪಕ್ಕದಲ್ಲಿ ಗೆಳೆಯನಿಲ್ಲದೆ ಶತ್ರುವಿನ ಅಂಚು ಚಾಚಿಕೊಂಡಿದ್ದರೆ ಒಂದು ಅಂಕ ಕಡಿತ. ಬದಿಯಿಂದಲೋ ಬೆನ್ನಿಂದಲೋ ಮುತ್ತಿಗೆಯಾಗಿದ್ದರೆ ಹಿಂದೆ ಸರಿಯಲು ದಾರಿಯಿಲ್ಲ, ಅದೂ ನಾಶವೇ. ಅಂದರೆ ಈ ಪುಸ್ತಕದ ಪ್ರಕಾರ ಒಬ್ಬ ಯೋಧನ ಬಲ ಅವನ ತೋಳಿನಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಅವನ ಎಡಬಲದಲ್ಲಿ ಇದೆ. ವೀರನ ಬಗೆಗಿನ ಸಾವಿರಾರು ಸಾಲುಗಳ ಕಾವ್ಯಕ್ಕೆ ಇದು ಒಂದು ಒಣ ಅಡಿಟಿಪ್ಪಣಿ.

ಆನೆಯ ವಿಷಯದಲ್ಲಿ ಪುಸ್ತಕ ಹೇಗೆ ನಡೆದುಕೊಳ್ಳುತ್ತದೆಂದು ನೋಡೋಣ, ಏಕೆಂದರೆ ಭಾರತ ಈ ಮೇಜಿನ ಮೇಲೆ ಬರುವುದು ಆನೆ ಏರಿಯೇ. ಕ್ರಿ.ಪೂ. 326ರಲ್ಲಿ ಝೇಲಂ ನದಿಯ ದಡದಲ್ಲಿ ಪೋರಸ್ ಅಲೆಕ್ಸಾಂಡರನನ್ನು ಎದುರಿಸಿದ. ಅವನ ಆನೆಗಳೆಷ್ಟು? ಆರಿಯನ್ 200 ಎನ್ನುತ್ತಾನೆ, ಡಿಯೊಡೋರಸ್ 130, ಕರ್ಟಿಯಸ್ 85. ಮೂವರೂ ಯುದ್ಧ ನಡೆದು ಮುನ್ನೂರು ವರ್ಷಕ್ಕೂ ಹೆಚ್ಚು ಕಾಲ ಕಳೆದಮೇಲೆ, ಹಳಬರ ಬರಹ ನೋಡಿಕೊಂಡು ಬರೆದವರು ಅಥವಾ ಆ ಕಾಲದ ಆಸುಪಾಸಿನವರು. ಇತಿಹಾಸಕಾರ ಈ ಸಂಖ್ಯೆಗಳ ನಡುವೆ ತೂಗಿ ನೋಡುತ್ತಾ ಪುಟಗಟ್ಟಲೆ ಬರೆಯಬಹುದು. ನಿಯಮಕಾರನಿಗೆ ಆ ಸೌಕರ್ಯವಿಲ್ಲ. ಹನ್ನೆರಡರಲ್ಲಿ ಎಷ್ಟು ತುಕಡಿ ಆನೆ ಎಂದು ಅವನು ಹೇಳಲೇಬೇಕು, ಮೇಜಿನ ಮೇಲೆ ‘ಬಹುಶಃ’ ಎಂಬ ಬೊಂಬೆ ಇಲ್ಲ. ಡಿಬಿಎಯಲ್ಲಿ ಆನೆ ನೈಟ್ ಸವಾರರನ್ನು ಸೋಲಿಸಿದರೆ ಅವರು ನಾಶವಾಗುತ್ತಾರೆ. ಅದೇ ಆನೆ, ಕವಚವೂ ಇಲ್ಲದೆ ಓಡಾಡುತ್ತಾ ಭರ್ಜಿ ಎಸೆಯುವ ಹಗುರ ಕಾಲಾಳಿಗೆ ಸೋತರೆ, ತಾನೇ ಮೇಜಿನಿಂದ ಹೊರಗೆ. ಅಂಥ ಸೋಲು ಅಪರೂಪ, ಆದರೆ ಅಸಾಧ್ಯವಲ್ಲ. ಝೇಲಂ ದಡದಲ್ಲಿ ಗ್ರೀಕರ ಕಡೆಯವರು ಮಾವುತರಿಗೆ ಗುರಿಯಿಟ್ಟು, ಗಾಯಗೊಂಡ ಆನೆಗಳು ತಮ್ಮವರನ್ನೇ ತುಳಿದವೆಂಬ ಆರಿಯನನ ವರ್ಣನೆಯ ಮುಂದೆ ಈ ನಿಯಮ ಇಟ್ಟು ನೋಡಿದರೆ, ಎರಡು ಸಾಲಿನಲ್ಲಿ ಎಷ್ಟು ಓದು ಅಡಗಿದೆ ಎಂದು ತಿಳಿಯುತ್ತದೆ. ಮಾವುತ ಮಾತ್ರ ಎಲ್ಲೂ ಇಲ್ಲ. ಬೊಂಬೆಯ ಕತ್ತಿನ ಮೇಲೆ ಅಂಕುಶ ಹಿಡಿದು ಕೂತಿದ್ದಾನೆ, ನಿಯಮದೊಳಗೆ ಅವನಿಗೆ ಜಾಗ ಸಿಕ್ಕಿಲ್ಲ.

ಗೊತ್ತಿರುವುದೇ ಒಂದು ತೊಡಕಾಗುವ ಪ್ರಸಂಗವೂ ಇದೆ. ಕ್ರಿ.ಪೂ. 216ರ ಕ್ಯಾನೆಯಲ್ಲಿ ಹ್ಯಾನಿಬಲ್ 50,000ದಷ್ಟು ಜನರನ್ನಿಟ್ಟುಕೊಂಡು, ಪಾಲಿಬಿಯಸ್ ಲೆಕ್ಕದಲ್ಲಿ 86,000ದಷ್ಟಿದ್ದ ರೋಮನರನ್ನು ಸುತ್ತುವರಿದು ಕೊಂದ. ಈ ಯುದ್ಧವನ್ನು ಮೇಜಿನ ಮೇಲೆ ಮತ್ತೆ ಆಡಿದರೆ ರೋಮನ್ ಪಾತ್ರದವನು ನಡುವಿನ ಬಲೆಗೆ ನುಗ್ಗುವುದಿಲ್ಲ. ಅವನು ಶಾಲೆಯಲ್ಲಿ ಓದಿದ್ದಾನೆ. ಲಂಡನ್ನಿನ ಕಿಂಗ್ಸ್ ಕಾಲೇಜಿನ ಪ್ರಾಧ್ಯಾಪಕ ಫಿಲಿಪ್ ಸೇಬಿನ್ 2007ರ ‘ಲಾಸ್ಟ್ ಬ್ಯಾಟಲ್ಸ್’ ಎಂಬ ಪುಸ್ತಕದಲ್ಲಿ ಈ ಆಟವನ್ನು ತಲೆಕೆಳಗು ಮಾಡಿದರು. ಮ್ಯಾರಥಾನಿನಿಂದ ಫಾರ್ಸಾಲಸ್‌ವರೆಗಿನ ಹಲವಾರು ಯುದ್ಧಗಳಿಗೆ ಒಂದೇ ಮಾದರಿ. ಪ್ರಾಚೀನರು ಕೊಟ್ಟ ಸಂಖ್ಯೆಗಳನ್ನು ಅದರೊಳಗೆ ಹಾಕಿದಾಗ ಫಲಿತಾಂಶ ವಿಪರೀತ ಬಂದರೆ, ಸಂಖ್ಯೆಯನ್ನೇ ಅನುಮಾನಿಸು ಎಂಬುದು ಅವರ ವಿಧಾನ. ಆಟ ಇಲ್ಲಿ ಆಕರಗ್ರಂಥಗಳ ಪಾಠವಿಮರ್ಶೆಯ ಸಾಧನ. ಇದನ್ನು ಆಡುವುದಕ್ಕಿಂತ ಓದುವುದೇ ಹೆಚ್ಚು ಸೊಗಸು, ಅದು ಬೇರೆ ಮಾತು.

ಇಲ್ಲಿಯತನಕ ಹೊಗಳಿದ್ದಾಯಿತು. ನನ್ನ ಜಗಳ ಇರುವುದು ಸೇನಾಪಟ್ಟಿಗಳ ಜೊತೆ. ನಿಯಮಗಳ ಬೆನ್ನಿಗೆ ಪಟ್ಟಿಗಳಿವೆ: ಯಾವ ರಾಜ್ಯ, ಯಾವ ಇಸವಿಯಿಂದ ಯಾವ ಇಸವಿಯವರೆಗೆ, ಹನ್ನೆರಡರಲ್ಲಿ ಎಷ್ಟು ಕುದುರೆ, ಎಷ್ಟು ಬಿಲ್ಲು. ರೋಮನರಿಗೆ ಹಲವು ಪಟ್ಟಿ: ಗಣರಾಜ್ಯದ ಬೇರೆ ಬೇರೆ ಘಟ್ಟಗಳಿಗೆ ಬೇರೆ, ಸಾಮ್ರಾಜ್ಯದ ಆರಂಭಕ್ಕೆ ಬೇರೆ, ಕೊನೆಗೆ ಬೇರೆ. ಭಾರತದ ಕಡೆ ತಿರುಗಿದರೆ ಗುಪ್ತರವರೆಗಿನ ಒಂದು ಸಾವಿರ ವರ್ಷ ‘ಕ್ಲಾಸಿಕಲ್ ಇಂಡಿಯನ್’. ಆರನೆಯ ಶತಮಾನದ ನಡುವಿನಿಂದ ಹದಿನಾರನೆಯ ಶತಮಾನದ ಆರಂಭದವರೆಗೆ ಇನ್ನೊಂದು ಸಾವಿರ ವರ್ಷ ‘ಹಿಂದೂ ಇಂಡಿಯನ್’. ದಕ್ಷಿಣದ ತುದಿಗೆ ‘ತಮಿಳ್ ಇಂಡಿಯನ್ ಅಂಡ್ ಸಿನ್ಹಲೀಸ್’.

ಒಂದು ನಿಜವಾದ ಯುದ್ಧದ ಮೇಲೆ ಈ ಹೆಸರುಗಳನ್ನು ಇಟ್ಟು ನೋಡಬೇಕು. 949ರಲ್ಲಿ, ಇವತ್ತಿನ ತಮಿಳುನಾಡಿನ ತಕ್ಕೋಲದಲ್ಲಿ, ರಾಷ್ಟ್ರಕೂಟ ಮೂರನೆಯ ಕೃಷ್ಣನೂ ಅವನ ಭಾವಮೈದುನ ಗಂಗ ಬೂತುಗನೂ ಚೋಳರನ್ನು ಎದುರಿಸಿದರು. ಚೋಳ ರಾಜಕುಮಾರ ರಾಜಾದಿತ್ಯ ಆನೆಯ ಮೇಲಿದ್ದಾಗಲೇ ಮಡಿದ. ಈ ಪುಸ್ತಕದ ಪ್ರಕಾರ ಮೇಜಿನ ಒಂದು ಬದಿಗೆ ‘ಹಿಂದೂ’, ಇನ್ನೊಂದು ಬದಿಗೆ ‘ತಮಿಳು’. ಒಬ್ಬರಿಗೆ ಧರ್ಮದ ಹೆಸರು, ಮತ್ತೊಬ್ಬರಿಗೆ ಭಾಷೆಯ ಹೆಸರು. ತಂಜಾವೂರಿನವರು ಹಿಂದೂಗಳಲ್ಲ, ಮಾನ್ಯಖೇಟದವರಿಗೆ ನುಡಿಯಿಲ್ಲ ಎನ್ನುವ ಹಾಗೆ. ಕನ್ನಡ ಎಂಬ ಹೆಸರು ಪಟ್ಟಿಯಲ್ಲಿಲ್ಲವೆಂದು ಸಿಟ್ಟಾಗುವುದು ನನ್ನ ಉದ್ದೇಶವಲ್ಲ. ಹೆಸರಿನ ಅಜಾಗರೂಕತೆ ಓದಿನ ಅಜಾಗರೂಕತೆಯಿಂದ ಬರುತ್ತದೆ ಎಂದಷ್ಟೇ ಹೇಳುತ್ತಿದ್ದೇನೆ. ಬಾದಾಮಿಯ ಚಾಲುಕ್ಯರ ಪಡೆಗೂ ದ್ವಾರಸಮುದ್ರದ ಹೊಯ್ಸಳರ ಪಡೆಗೂ ನಡುವೆ ಇರುವ ಐದಾರು ಶತಮಾನ ಈ ಪುಸ್ತಕದಲ್ಲಿ ಒಂದು ಮಧ್ಯಾಹ್ನದ ಹಾಗೆ ಕಳೆದುಹೋಗುತ್ತದೆ. ‘ಮುಟ್ಟು’ ಮತ್ತು ‘ತಾಗು’ಗಳ ನಡುವೆ ಕೂದಲು ಸೀಳುವ ಗದ್ಯ ಇಲ್ಲಿ ಮಾತ್ರ ಗುಡುಗುಡು ಓಡಿಬಿಡುತ್ತದೆ.

ವಿಚಿತ್ರವೆಂದರೆ, ಪಟ್ಟಿ ಎಡವಿದ ಇದೇ ತಕ್ಕೋಲದಲ್ಲಿ ನಿಯಮ ಎಡವುವುದಿಲ್ಲ. ಸೇನಾಪತಿಯ ತುಕಡಿ ಹೋಗಿ, ಆ ಕಡೆಯವರು ಎದುರಾಳಿಗಿಂತ ಹೆಚ್ಚು ಕಳೆದುಕೊಂಡಿದ್ದರೆ ನಾಲ್ಕರ ಲೆಕ್ಕಕ್ಕೆ ಕಾಯುವಂತಿಲ್ಲ, ಯುದ್ಧ ಅಲ್ಲಿಗೇ ಮುಗಿಯುತ್ತದೆ. ಸೇನಾಪತಿ ಬರಿಯ ಹನ್ನೆರಡನೆಯ ಒಂದು ಪಾಲು ಎಂದಿದ್ದ ಪುಸ್ತಕ ಅವನ ಸಾವಿಗೆ ಮಾತ್ರ ಇಷ್ಟು ತೂಕ ಕೊಟ್ಟಿದೆ. ಅವನು ಇದ್ದಾಗ ಕೇಳದಿದ್ದ ದಂಡು ಅವನು ಬಿದ್ದಾಗ ಓಡುತ್ತದೆ. ರಾಜಾದಿತ್ಯ ಬಿದ್ದಾಗ ಚೋಳರ ಪಾಲಿಗೆ ತಕ್ಕೋಲ ಮುಗಿಯಿತು. ಅವರ ಪರಂಪರೆ ಅವನನ್ನು ಆನೆಯ ಮೇಲೆ ಮಡಿದ ದೇವರೆಂದು ಹೆಮ್ಮೆಯಿಂದಲೇ ನೆನೆಯಿತು.

ಈ ಯುದ್ಧದ ಸುದ್ದಿ ಕನ್ನಡದಲ್ಲಿ ಉಳಿದಿರುವುದು ಎಲ್ಲಿ? ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲಿನಲ್ಲಿ; ಅದು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಬೂತುಗ ರಾಜಾದಿತ್ಯನನ್ನು ಕೊಂದ ಸಂಗತಿ ಅದರಲ್ಲಿದೆ. ಆದರೆ ಕಲ್ಲು ನಿಂತಿರುವುದು ಅದಕ್ಕಾಗಿಯಲ್ಲ. ಬೂತುಗನ ಕಡೆಯ ಮಣಲೇರ ಎಂಬ ಯೋಧ, ಮೆಚ್ಚಿದ ಒಡೆಯನಿಂದ ಕಾಳಿ ಎಂಬ ನಾಯಿಯನ್ನು ಬೇಡಿ ಪಡೆದ. ಆ ನಾಯಿ ಕಾಡುಹಂದಿಯೊಂದಿಗೆ ಕಾದಾಡಿತು, ಎರಡೂ ಸತ್ತವು. ಮಣಲೇರ ನಾಯಿಗಾಗಿ ಕಲ್ಲು ನಿಲ್ಲಿಸಿದ, ಭೂಮಿ ಬಿಟ್ಟ. ಕಲ್ಲಿನ ಮೇಲಿರುವ ಚಿತ್ರ ನಾಯಿ ಮತ್ತು ಹಂದಿಯದು. ದಕ್ಷಿಣ ಭಾರತದ ಚರಿತ್ರೆಯ ದಿಕ್ಕು ತಿರುಗಿಸಿದ ಯುದ್ಧವೊಂದು ಒಂದು ನಾಯಿಯ ಸಾವಿನ ಸುತ್ತ ಕೆತ್ತಿದ ಅಕ್ಷರಗಳಲ್ಲಿ ಬದುಕಿಕೊಂಡಿತು.

ವೀರಗಲ್ಲಿನ ಲೆಕ್ಕ ಡಿಬಿಎಯ ಲೆಕ್ಕಕ್ಕೆ ನೇರ ವಿರುದ್ಧ. ಕಲ್ಲಿಗೆ ತುಕಡಿ ಗೊತ್ತಿಲ್ಲ, ಸಾಲು ಗೊತ್ತಿಲ್ಲ, ಸೋಲು ಗೆಲುವೂ ಮುಖ್ಯವಲ್ಲ. ಇಂಥ ಊರಿನ ಇಂಥವನು, ಇಂಥ ತುರುಗೋಳಿನಲ್ಲಿ ಸತ್ತ. ಅವನ ಮಗನೋ ತಮ್ಮನೋ ಕಲ್ಲು ನಿಲ್ಲಿಸಿದ. ಒಂದೇ ಸಾವು, ಒಂದೇ ಹೆಸರು. ನಿಯಮಪುಸ್ತಕದಲ್ಲಿ ಸಾವೇ ಇಲ್ಲ. ‘ನಾಶ’ ಎಂದರೆ ತುಕಡಿಯನ್ನು ಎತ್ತಿ ಮೇಜಿನ ಅಂಚಿಗೆ ಇಡುವುದು. ಆಟ ಮುಗಿದ ಮೇಲೆ ಗೆದ್ದವರೂ ಸೋತವರೂ ಒಂದೇ ಪೆಟ್ಟಿಗೆಯ ಸ್ಪಂಜಿನ ಗೂಡುಗಳಿಗೆ ಹೋಗುತ್ತಾರೆ. ರನ್ನನ ‘ಗದಾಯುದ್ಧ’ದಲ್ಲಿ ದುರ್ಯೋಧನ ಸಂಜಯನ ಜೊತೆ ಹೆಣಗಳ ನಡುವೆ ನಡೆದುಹೋಗುತ್ತಾನೆ, ದ್ರೋಣನನ್ನು, ದುಶ್ಶಾಸನನನ್ನು, ಕರ್ಣನನ್ನು ಒಬ್ಬೊಬ್ಬರಾಗಿ ಕಂಡು ಅಳುತ್ತಾನೆ. ಆ ನಡಿಗೆಗೆ ಸಮನಾದ ಒಂದು ಸರದಿ ಯಾವ ವಾರ್‌ಗೇಮಿನಲ್ಲೂ ನನಗೆ ಕಂಡಿಲ್ಲ. ವೆಲ್ಸ್‌ನ ಆಟದಲ್ಲಾದರೂ ಮರದ ಚೂರು ಬಡಿದು ಸಿಪಾಯಿ ಕಣ್ಣೆದುರು ಉರುಳುತ್ತಿದ್ದ.

ಆಟಗಾರರಿಗೇ ಈ ಕೊರತೆ ಕಾಡಿದ್ದಕ್ಕೆ ಸಾಕ್ಷಿಯಿದೆ. ಟೋನಿ ಬಾತ್ ಒಂದೊಂದೇ ಯುದ್ಧ ಆಡಿ ದಣಿದವರಂತೆ, ರಾಬರ್ಟ್ ಇ. ಹೋವರ್ಡನ ಕಥೆಗಳಿಂದ ಹೈಬೋರಿಯ ಎಂಬ ಕಾಲ್ಪನಿಕ ಖಂಡವನ್ನು ತಂದು ವರ್ಷಗಟ್ಟಲೆ ನಡೆಯುವ ದಂಡಯಾತ್ರೆಯೊಂದನ್ನು ಕಟ್ಟಿದರು. ದೂರದೂರದ ಗೆಳೆಯರು ಅಂಚೆಯಲ್ಲಿ ಆಜ್ಞೆ ಕಳಿಸಿ ರಾಜ್ಯಗಳನ್ನು ಆಳಿದರು. ರಾಜರಿಗೂ ದಳಪತಿಗಳಿಗೂ ಇಸ್ಪೀಟೆಲೆ ಎಳೆದು ಗುಣ ನಿರ್ಧರಿಸುತ್ತಿದ್ದರು: ಇವನು ನಿಷ್ಠ, ಇವನು ಅಸೂಯೆಯವನು, ಇವನು ಸೋಮಾರಿ. ಹೆಸರು ಬಂತು, ಮದುವೆ ಬಂತು, ಪಿತೂರಿ ಬಂತು. ಯುದ್ಧಕ್ಕೆ ಕಾರಣ ಹುಟ್ಟಿತು. ಅಮೆರಿಕದಲ್ಲಿ 1971ರ ‘ಚೈನ್‌ಮೇಲ್’ ಎಂಬ ಮಧ್ಯಯುಗದ ನಿಯಮಾವಳಿಗೆ ಮಾಟ ಮಂತ್ರಗಳ ಬಾಲ ಸೇರಿಕೊಂಡು, ಅಲ್ಲಿಂದ 1974ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಹುಟ್ಟಿತು. ಒಂದು ಬೊಂಬೆ ಎಂದರೆ ಇಪ್ಪತ್ತು ಜನ ಎನ್ನುತ್ತಿದ್ದ ಆಟದಿಂದ ಒಂದು ಬೊಂಬೆ ಎಂದರೆ ಒಬ್ಬ ಎನ್ನುವ ಆಟ ಸಿಡಿದು ಹೊರಬಂತು. ಆ ಒಬ್ಬನಿಗೆ ಭಯವಿತ್ತು, ಸಾಲವಿತ್ತು, ಸಾವಿತ್ತು. ಜಗತ್ತಿನ ತುಂಬ ಹರಡಿದ್ದು ಆ ಕವಲೇ.

ಹನ್ನೆರಡು ತುಕಡಿಗಳ ಕವಲು ಚಿಕ್ಕದಾಗಿಯೇ ಉಳಿಯಿತು. ನನಗೆ ಅದರ ಮೇಲಿನ ಗೌರವ ಕಡಿಮೆಯಾಗಿಲ್ಲ; ಆಜ್ಞೆ ಸೋರಿಹೋಗುವ ಆ ಗಳಿಗೆಯನ್ನು ಅಷ್ಟು ನಿಖರವಾಗಿ ಹಿಡಿದ ಬರವಣಿಗೆ ಕಥನದಲ್ಲೂ ವಿರಳ. ಬಣ್ಣ ಹಚ್ಚುವವರ ಕಡೆಯೂ ಸ್ವಲ್ಪ ನೋಡಬೇಕು. ನಿಯಮಕ್ಕೆ ನಾಲ್ಕು ಬೊಂಬೆಯೂ ಒಂದೇ ತುಕಡಿ, ಆದರೆ ದೀಪದ ಕೆಳಗೆ ಭೂತಗನ್ನಡಿ ಹಿಡಿದು ಕೂತವನು ನಾಲ್ವರಿಗೂ ಒಂದೇ ಮೈಬಣ್ಣ ಹಚ್ಚುವುದಿಲ್ಲ. ಒಬ್ಬನಿಗೆ ನೆರೆತ ಗಡ್ಡ, ಒಬ್ಬನ ಮೊಣಕಾಲಿಗೆ ಕೆಸರು. ಆಟದಲ್ಲಿ ಇದಕ್ಕೆ ಒಂದು ಅಂಕವೂ ಸಿಗುವುದಿಲ್ಲ.

ಇನ್ನೊಂದು ಮೂಲೆಯೂ ಇದೆ. ಡಿಬಿಎಯಲ್ಲಿ ಸೇನೆಗಳಿಗೆ ಬೆನ್ನ ಹಿಂದೆ ಒಂದು ಶಿಬಿರವಿರುತ್ತದೆ. ಅದು ಶತ್ರುವಿನ ವಶವಾದರೆ ಸೋಲಿನ ಲೆಕ್ಕಕ್ಕೆ ಸೇರುತ್ತದೆ. ಶಿಬಿರ ಕಾಯಲು ಹನ್ನೆರಡರ ಹೊರಗೆ ಒಂದು ತುಕಡಿ ಇಟ್ಟುಕೊಳ್ಳಬಹುದು. ಅವರು ಯೋಧರಲ್ಲ: ಅಡುಗೆಯವರು, ಮೂಟೆ ಹೊರುವವರು, ಹೆಂಗಸರು. ಪಟ್ಟಿಯ ಯಾವ ರಾಜ್ಯಕ್ಕೂ ಸೇರದ, ಯಾವ ಶತಮಾನಕ್ಕೂ ಕಟ್ಟುಬೀಳದ ಜನ ಅವರೊಬ್ಬರೇ. ಶಿಬಿರ ಹೇಗಿರಬೇಕೆಂದು ಪುಸ್ತಕ ಹೆಚ್ಚು ಕಟ್ಟುಪಾಡು ಹಾಕಿಲ್ಲ, ಹಾಗಾಗಿ ಆಟಗಾರರು ಮನಸೋಕ್ತ ಕಟ್ಟುತ್ತಾರೆ: ಗುಡಾರ, ಒಲೆ, ಮೇಕೆ, ಒಣಗಲು ಹಾಕಿದ ಬಟ್ಟೆ. ತಕ್ಕೋಲವನ್ನು ಯಾರಾದರೂ ಆಡುವುದಾದರೆ, ರಾಷ್ಟ್ರಕೂಟರ ಕಡೆಯ ಆ ಗುಡಾರದ ಬಾಗಿಲಲ್ಲಿ ಒಂದು ನಾಯಿಯನ್ನು ನಿಲ್ಲಿಸಲು ನಿಯಮದ ಅಡ್ಡಿ ಏನೂ ಇಲ್ಲ.